ಹೆಸರಿಟ್ಟವರು ಹೋದರು, ಹೆಸರು ಉಳಿಯಿತು



ಮಂಜು ಮುಸುಕಿದ ಬೆಟ್ಟ, ಕೆಳಗೆ ಕಪ್ಪು ನೀರಿನ ಸರೋವರ, ದಡದಲ್ಲಿ ಪಾಳುಬಿದ್ದ ಕೋಟೆ, ಎಲ್ಲಿಯೂ ಮನುಷ್ಯರ ಸುಳಿವಿಲ್ಲ. ಸ್ಕಾಟ್ಲೆಂಡ್ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವ ಚಿತ್ರ ಇದು. 1998ರಲ್ಲಿ ತೆರೆಕಂಡ ‘ಕುಛ್ ಕುಛ್ ಹೋತಾ ಹೈ’ ಹಿಂದಿ ಚಿತ್ರ ನೋಡಿದವರಿಗೆ ಅದರ ಶೀರ್ಷಿಕೆ ಗೀತೆಯಲ್ಲಿ ನೀರಿನ ನಡುವೆ ನಿಂತ ಒಂದು ಕೋಟೆ ನೆನಪಿರಬಹುದು. ಅದರ ಹೆಸರು ಎಲನ್ ಡೋನನ್. ಗೇಲಿಕ್ ಭಾಷೆಯಲ್ಲಿ ‘ಎಲನ್’ ಎಂದರೆ ದ್ವೀಪ, ಡೋನನ್ ಒಬ್ಬ ಕ್ರೈಸ್ತ ಸಂತ. ಡೋನನ್ ಸಂತನ ದ್ವೀಪ, ಅಷ್ಟೇ. ಹೀಗೆ ಆ ನಾಡಿನ ಪ್ರತಿ ಗುಡ್ಡ, ಪ್ರತಿ ಹಳ್ಳ, ಪ್ರತಿ ಕೊಳಕ್ಕೂ ಒಂದು ಹೆಸರಿದೆ, ಹೆಸರಿಗೆ ಅರ್ಥವಿದೆ. ಆದರೆ ಅಲ್ಲಿಗೆ ಹೋಗುವ ಲಕ್ಷಾಂತರ ಪ್ರವಾಸಿಗಳಿಗೆ ಆ ಅರ್ಥ ತಿಳಿಯದು. ಸ್ಕಾಟ್ಲೆಂಡಿನ ಬಹುಪಾಲು ಜನರಿಗೂ ತಿಳಿಯದು. ಭೂಪಟ ಅವರ ಕೈಯಲ್ಲೇ ಇರುತ್ತದೆ. ಅದು ಬರೆದಿರುವ ಭಾಷೆ ಮಾತ್ರ ಅವರದಲ್ಲ.

ಒಂದು ನಾಡಿನ ಹೆಸರುಗಳು ಅರ್ಥ ಕಳೆದುಕೊಂಡಾಗ ಆ ನಾಡಿಗೆ ಏನಾಗುತ್ತದೆ ಎಂಬುದೇ ಈ ಮಾತಿನ ವಿಷಯ.

ಗೇಲಿಕ್ ಭಾಷೆ ಇಂಗ್ಲಿಷಿನ ಉಪಭಾಷೆಯಲ್ಲ. ಅದು ಐರಿಷ್ ಭಾಷೆಯ ಸೋದರಿ, ಕೆಲ್ಟಿಕ್ ಬಳಗಕ್ಕೆ ಸೇರಿದ್ದು. ಸುಮಾರು 1500 ವರ್ಷಗಳ ಹಿಂದೆ ಐರ್ಲೆಂಡಿನ ಜೊತೆಗಿನ ನಂಟಿನಿಂದ ಪಶ್ಚಿಮ ತೀರದಲ್ಲಿ ಬೇರೂರಿ, ಹನ್ನೊಂದನೆಯ ಶತಮಾನದ ಹೊತ್ತಿಗೆ ಈಗಿನ ಸ್ಕಾಟ್ಲೆಂಡಿನ ಹೆಚ್ಚಿನ ಭಾಗದಲ್ಲಿ ರಾಜರ ಮತ್ತು ರೈತರ ನುಡಿಯಾಗಿತ್ತು. ಆಮೇಲೆ ತಗ್ಗು ನಾಡಿನಿಂದ ಹಿಂದೆ ಸರಿಯುತ್ತಾ ಬೆಟ್ಟಗಳಿಗೂ ದ್ವೀಪಗಳಿಗೂ ಸೀಮಿತವಾಯಿತು. ಆ ಬೆಟ್ಟನಾಡೇ ‘ಹೈಲ್ಯಾಂಡ್ಸ್’.

ಅಲ್ಲಿ ಸರೋವರಕ್ಕೆ ‘ಲಾಖ್’ ಎನ್ನುತ್ತಾರೆ. ಕೊನೆಯ ಅಕ್ಷರ ‘ಖ’ಕ್ಕೆ ಹತ್ತಿರ, ಆದರೆ ಗಂಟಲಿನಿಂದ ಉಜ್ಜಿಕೊಂಡು ಹೊರಡುವ ಉಸಿರು. ಇಂಗ್ಲಿಷರು ಅದನ್ನು ಉಚ್ಚರಿಸಲಾರದೆ ‘ಲಾಕ್’ ಎಂದುಬಿಟ್ಟರು. ಲಾಖ್ ಎಂದರೆ ಸಿಹಿನೀರಿನ ಸರೋವರವೂ ಹೌದು, ಬೆಟ್ಟಗಳ ನಡುವೆ ನುಗ್ಗಿ ಬಂದ ಸಮುದ್ರದ ತೋಳೂ ಹೌದು. ಚಿಕ್ಕದಾದರೆ ‘ಲಾಖನ್’. ಸ್ಕಾಟ್ಲೆಂಡಿನಲ್ಲಿ ಚಿಕ್ಕವು ದೊಡ್ಡವು ಸೇರಿ ಇಂಥವು ಸಾವಿರಾರು. ಲಾಖ್ ಮೊರಾರ್‌ನ ಆಳ 310 ಮೀಟರ್. ಲಾಖ್ ನೆಸ್ ಒಂದರಲ್ಲೇ ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ ಸರೋವರಗಳಿಗಿಂತ ಹೆಚ್ಚು ನೀರಿದೆ.

ಬೆಟ್ಟಕ್ಕೆ ಒಂದೇ ಹೆಸರಲ್ಲ

ಬೆಟ್ಟ ಎಂಬುದಕ್ಕೆ ಗೇಲಿಕ್‌ನಲ್ಲಿ ಎಷ್ಟು ಪದಗಳಿವೆ ನೋಡಿ. ‘ಬೇನ್’ ಎಂದರೆ ಸಾಮಾನ್ಯವಾಗಿ ದೊಡ್ಡ ಬೆಟ್ಟ. ‘ಸ್ಗೂರ್’ ಎಂದರೆ ಚೂಪಾದ ಕಲ್ಲಿನ ಶಿಖರ. ‘ಮ್ಯಾಲ್’ ಎಂದರೆ ಮುದ್ದೆಯಂಥ ಗುಂಡು ಗುಡ್ಡ. ‘ಕಾರ್ನ್’ ಎಂದರೆ ಕಲ್ಲುರಾಶಿಯಂತಿರುವುದು. ‘ಕ್ರೇಗ್’ ಎಂದರೆ ಬಂಡೆಯ ಕಡಿದು. ‘ಸ್ಟೋಬ್’ ಎಂದರೆ ಮೊಟಕು ಗೂಟ. ‘ದ್ರುಯ್ಮ್’ ಎಂದರೆ ಬೆನ್ನು, ಅಂದರೆ ಉದ್ದನೆಯ ಏಣು. ಒಬ್ಬ ಕುರುಬ ಇನ್ನೊಬ್ಬನಿಗೆ ಹೆಸರು ಹೇಳಿದರೆ ಸಾಕು, ಆ ಬೆಟ್ಟ ಹತ್ತಬಹುದೋ ಬಾರದೋ, ಅಲ್ಲಿ ದನ ಮೇಯಬಹುದೋ ಬಾರದೋ ಎಂಬುದು ಅರ್ಧ ತಿಳಿದಂತೆಯೇ. ‘ಮ್ಯಾಲ್’ ಮೇಲೆ ಹುಲ್ಲು ನಿರೀಕ್ಷಿಸಬಹುದು. ‘ಸ್ಗೂರ್’ ಮೇಲೆ ಕಲ್ಲು.

ಆಕಾರದ ನಂತರ ಬಣ್ಣ. ‘ದುಬ್’ ಎಂದರೆ ಕಪ್ಪು, ‘ಬಾನ್’ ಎಂದರೆ ಬಿಳುಪು, ‘ಲಿಯ’ ಎಂದರೆ ಬೂದು. ಕೆಂಪಿಗೆ ಎರಡು ಪದಗಳು. ಕಣ್ಣಿಗೆ ಹೊಡೆಯುವ ಕೆಂಪು ‘ಜರಗ್’, ನರಿಯ ಮೈಬಣ್ಣದಂಥ ಕಂದುಗೆಂಪು ‘ರುಅಘ್’. ‘ಗೊರೊಮ್’ ಎಂಬ ಪದವಂತೂ ಇಂಗ್ಲಿಷಿಗೆ ಒಗ್ಗುವುದೇ ಇಲ್ಲ. ಆಕಾಶದ ನೀಲಿಯೂ ಗೊರೊಮ್, ಸೊಂಪಾಗಿ ಬೆಳೆದ ಹುಲ್ಲೂ ಗೊರೊಮ್. ಎದ್ದು ಕಾಣುವ ಹಸಿರಿಗೆ ಬೇರೊಂದು ಪದ, ‘ಊಅನ್ಯ’. ಕೇರ್ನ್‌ಗಾರ್ಮ್ ಪರ್ವತಗಳ ನಡುವೆ ‘ಲಾಖನ್ ಊಅನ್ಯ’ ಎಂಬ ಹೆಸರಿನ ಕೊಳಗಳು ಒಂದಕ್ಕಿಂತ ಹೆಚ್ಚಿವೆ. ಅವುಗಳಲ್ಲೊಂದರ ನೀರು ಅಷ್ಟು ಹಸಿರಾಗಿರುವುದು ಬೆಟ್ಟದ ಕಿನ್ನರರು ತಮ್ಮ ಹಸಿರು ಬಟ್ಟೆ ಒಗೆಯುವುದರಿಂದ ಎಂದು ಜನಪದರ ಕಥೆ.

ಆ ಪರ್ವತಗಳ ಹೆಸರಿನ ಚರಿತ್ರೆಯೇ ಒಂದು ಪಾಠ. ಸ್ಪೇ ನದಿಯ ಒಂದು ದಡದಲ್ಲಿ ನಸುಗೆಂಪು ಗ್ರಾನೈಟಿನ ಎತ್ತರದ ಸೀಮೆ, ಇನ್ನೊಂದು ದಡದಲ್ಲಿ ಬೂದು ಶಿಲೆಯ ಸೀಮೆ. ಕಣಿವೆಯಲ್ಲಿ ನಿಂತ ಗೇಲಿಕ್ ರೈತ ಎರಡು ಕಡೆಗೂ ತಿರುಗಿ ನೋಡಿ ಒಂದನ್ನು ‘ಆಮ್ ಮೊನಘ್ ರುಅಘ್’, ಕೆಂಪು ಮಲೆ, ಎಂದ. ಮತ್ತೊಂದನ್ನು ‘ಆಮ್ ಮೊನಘ್ ಲಿಯ’, ಬೂದು ಮಲೆ, ಎಂದ. ಜೋಡಿ ಹೆಸರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ. ಹೊರಗಿನಿಂದ ಬಂದ ಪ್ರವಾಸಿಗಳು ಕೆಂಪು ಮಲೆಯಲ್ಲಿ ಎದ್ದು ಕಾಣುವ ಒಂದೇ ಒಂದು ಬೆಟ್ಟದ ಹೆಸರನ್ನು, 1,245 ಮೀಟರ್ ಎತ್ತರದ ‘ಕಾರ್ನ್ ಗೊರೊಮ್’, ಅಂದರೆ ‘ನೀಲಿ ಬೆಟ್ಟ’ ಎಂಬುದನ್ನು, ಇಡೀ ಶ್ರೇಣಿಗೆ ಅಂಟಿಸಿದರು. ಇಂದು ಜಗತ್ತು ಆ ಶ್ರೇಣಿಯನ್ನು ಕೇರ್ನ್‌ಗಾರ್ಮ್ಸ್ ಎಂದೇ ಬಲ್ಲದು. 2003ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಹೆಸರು. ಹೀಗೆ ಕೆಂಪು ಮಲೆ ನೀಲಿ ಬೆಟ್ಟಗಳಾಯಿತು. ಬೂದು ಮಲೆ ತನ್ನ ಜೋಡಿಯನ್ನು ಕಳೆದುಕೊಂಡು ಒಂಟಿಯಾಗಿ ನಿಂತಿದೆ.

ಬೆಟ್ಟಕ್ಕೆ ಮನುಷ್ಯ ದೇಹದ ಅಂಗಗಳನ್ನು ಆರೋಪಿಸುವುದು ಗೇಲಿಕ್ ಹೆಸರುಗಳ ಇನ್ನೊಂದು ರೀತಿ. ‘ಕ್ಯಾನ್’ ಎಂದರೆ ತಲೆ, ‘ಸ್ತ್ರೋನ್’ ಎಂದರೆ ಮೂಗು, ‘ಗುಅಲನ್’ ಎಂದರೆ ಹೆಗಲು. ಸರೋವರದ ತಲೆಯಲ್ಲಿರುವ ಊರುಗಳೆಲ್ಲ ‘ಕಿನ್‌ಲಾಖ್’. ರಾನಖ್ ಎಂಬ ವಿಶಾಲ ಜವುಗುನಾಡಿನಲ್ಲಿ ‘ಲಾಖನ್ ನ ಹಖ್ಲಿಶ’ ಎಂಬ ಕೊಳವಿದೆ. ಹೆದ್ದಾರಿಯ ಪಕ್ಕದಲ್ಲೇ ಇರುವ ಅದರ ಫೋಟೋ ತೆಗೆಯದ ಪ್ರವಾಸಿ ಇಲ್ಲ. ಹೆಸರಿನ ಅರ್ಥ ‘ಕಂಕುಳ ಕೊಳ’.

ಬೆಟ್ಟದ ಮಗ್ಗುಲಲ್ಲಿ ಹಿಮನದಿ ಕೊರೆದು ಬಿಟ್ಟುಹೋದ ಬೋಗುಣಿಯಂಥ ತಗ್ಗಿಗೆ ‘ಕೊರಿ’ ಎನ್ನುತ್ತಾರೆ. ಭೂಗೋಳದ ಪಠ್ಯಪುಸ್ತಕಗಳಲ್ಲೂ ಈ ಪದ ಸೇರಿಹೋಗಿದೆ. ಮೂಲಾರ್ಥ ಅಡುಗೆಯ ಕೊಪ್ಪರಿಗೆ. ಇಲ್ಲಿ ಕನ್ನಡಿಗರಿಗೆ ಒಂದು ಸೋಜಿಗ ಕಾದಿದೆ. ಗೇಲಿಕ್ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಯಾದ್ದರಿಂದ ಅದರ ಹಲವು ಪದಗಳು ಸಂಸ್ಕೃತದ ಪದಗಳ ದೂರದ ನೆಂಟರು. ಕೊಪ್ಪರಿಗೆಯ ಅರ್ಥದ ಈ ‘ಕೊರಿ’ಗೂ, ಯಜ್ಞದಲ್ಲಿ ಹವಿಸ್ಸು ಬೇಯಿಸುವ ಪಾತ್ರೆಯಾದ ‘ಚರು’ವಿಗೂ ಮೂಲ ಒಂದೇ. ಕಂದುಗೆಂಪಿನ ‘ರುಅಘ್’ಗೂ ‘ರುಧಿರ’ಕ್ಕೂ ಮೂಲ ಒಂದೇ. ಹಸು ಗೇಲಿಕ್‌ನಲ್ಲಿ ‘ಬೋ’, ಸಂಸ್ಕೃತದಲ್ಲಿ ‘ಗೋ’. ಗ್ಲೆನ್‌ಕೋ ಕಣಿವೆಯ ಬಾಗಿಲಲ್ಲಿ 1,022 ಮೀಟರ್ ಎತ್ತರಕ್ಕೆ ನಿಂತಿರುವ ಪ್ರಸಿದ್ಧ ಪರ್ವತ ‘ಬುವಖಲ್ ಎಟಿವ್ ಮೋರ್’. ಎಟಿವ್ ಕಣಿವೆಯ ದೊಡ್ಡ ದನಗಾಹಿ ಎಂದು ಅದರ ಅರ್ಥ. ‘ಬುವಖಲ್’ ಪದದ ಒಳಗೆ ಆ ‘ಬೋ’ ಅಡಗಿ ಕೂತಿದೆ.

ಹೆಸರೇ ದಾರಿ, ಹೆಸರೇ ದಾಖಲೆ

ದನಗಾಹಿ ಎಂಬ ಹೆಸರು ಕವಿಕಲ್ಪನೆಯಿಂದ ಬಂದದ್ದೆಂದು ತಿಳಿಯಬಾರದು. ದನವೇ ಆ ನಾಡಿನ ಸಂಪತ್ತಾಗಿತ್ತು. ಬೇಸಿಗೆಯಲ್ಲಿ ಹೆಂಗಸರೂ ಮಕ್ಕಳೂ ದನಕರುಗಳೊಡನೆ ಎತ್ತರದ ಹುಲ್ಲುಗಾವಲಿಗೆ ಹೋಗಿ, ಕಲ್ಲು ಮತ್ತು ಹುಲ್ಲುಹೆಂಟೆಯ ಗುಡಿಸಲುಗಳಲ್ಲಿ ತಂಗಿ, ಬೆಣ್ಣೆ ಗಿಣ್ಣು ಮಾಡಿಕೊಂಡು ಹಿಂದಿರುಗುತ್ತಿದ್ದರು. ಆ ಬೇಸಿಗೆ ಬೀಡಿಗೆ ‘ಆರಿ’ ಎಂದು ಹೆಸರು. ಇಂದು ಯಾವ ದಾರಿಯೂ ಇಲ್ಲದ ಎತ್ತರದಲ್ಲಿ ಭೂಪಟ ‘ಆರಿ’ ಎಂದು ತೋರಿಸಿದರೆ, ಅಲ್ಲಿ ಒಂದು ಕಾಲಕ್ಕೆ ಬೇಸಿಗೆಯ ರಾತ್ರಿಗಳಲ್ಲಿ ಹಾಡು ಕೇಳುತ್ತಿತ್ತು ಎಂದು ತಿಳಿಯಬೇಕು.

ಕೇರ್ನ್‌ಗಾರ್ಮ್ ಶ್ರೇಣಿಯನ್ನು ಅಡ್ಡ ದಾಟಲು ಎರಡು ಕಣಿವೆದಾರಿಗಳಿವೆ. ಒಂದು ‘ಲಾರಿಗ್ ಗ್ರೂ’. ಅದು ಹತ್ತಿರದ ದಾರಿ, ಆದರೆ ನೆತ್ತಿಯಲ್ಲಿ ಬಂಡೆಗಳ ರಾಶಿ. ಇನ್ನೊಂದು ಪಕ್ಕದ ‘ಲಾರಿಗ್ ಅನ್ ಲೂಇ’, ಅಂದರೆ ‘ಕರುಗಳ ಕಣಿವೆ’. ಸಂತೆಗೆ ದನ ಹೊಡೆದುಕೊಂಡು ಹೋಗುತ್ತಿದ್ದವರು ದೊಡ್ಡ ದನಗಳನ್ನು ಬಂಡೆದಾರಿಯಲ್ಲಿ ನಡೆಸಿ, ಎಳೆಯ ಕರುಗಳನ್ನು ಈ ಸುಲಭದ ದಾರಿಯಲ್ಲಿ ಕಳಿಸುತ್ತಿದ್ದರೆಂದು ಸ್ಥಳೀಯರು ಹೇಳುತ್ತಾರೆ. ಪಶ್ಚಿಮ ತೀರದ ಆಪಲ್‌ಕ್ರಾಸ್ ಊರಿಗೆ 626 ಮೀಟರ್ ಎತ್ತರ ಏರಿ ಹೋಗುವ ಘಾಟಿಯ ಹೆಸರು ‘ಬ್ಯಾಲಖ್ ನ ಬಾ’, ದನಗಳ ಘಾಟಿ. ಇಂದು ಅಲ್ಲಿ ಕಾರುಗಳ ಸಾಲು.

ಹೆಸರುಗಳು ಕಾಡಿನ ಲೆಕ್ಕವನ್ನೂ ಇಟ್ಟಿವೆ. ಕಿಂಗ್ಯೂಸಿ ಎಂಬ ಊರಿದೆ. ಇಂಗ್ಲಿಷ್ ಬಲ್ಲವರು ಅದರ ಮೊದಲಲ್ಲಿ ‘ರಾಜ’ನನ್ನು ಕಾಣುತ್ತಾರೆ. ರಾಜನಿಗೂ ಅದಕ್ಕೂ ಸಂಬಂಧವಿಲ್ಲ. ಮೂಲರೂಪ ‘ಕ್ಯಾನ್ ಅ ಯೂಸಿಖ್’, ಪೈನ್ ಕಾಡಿನ ತಲೆ. ರೋವನ್ ಮರದ ಬೆಟ್ಟ, ಬರ್ಚ್ ಮರದ ಹಳ್ಳ, ಓಕ್ ಮರದ ದಿಣ್ಣೆ ಎಂಬ ಅರ್ಥದ ಹೆಸರುಗಳು ಇಂದು ಒಂದು ಮರವೂ ಇಲ್ಲದ ಬೋಳು ಇಳಿಜಾರುಗಳ ಮೇಲೆ ಕೂತಿವೆ. ತೋಳದ ಹೆಸರಿನ ಕೊಳಗಳಿವೆ, ತೋಳ ಅಳಿದು ಸುಮಾರು 300 ವರ್ಷಗಳಾದವು. ಕಾಡುಹಂದಿಯ ಹೆಸರಿನ ಊರುಗಳೂ ಇವೆ. ಎಲ್ಲಿ ಯಾವ ಮರ ಮತ್ತೆ ಬೆಳೆಸಬಹುದು ಎಂದು ಯೋಚಿಸುವ ಅರಣ್ಯ ತಜ್ಞರು ಇಂಥ ಹೆಸರುಗಳನ್ನು ಸಾಕ್ಷ್ಯವಾಗಿ ಪರಿಗಣಿಸುವುದುಂಟು.

ಇನ್ನು ಚರಿತ್ರೆಯ ಮಾತು. ಗ್ಲಾಸ್ಗೋ ನಗರದ ವಾಯವ್ಯಕ್ಕೆ ಸಮುದ್ರದ ಒಂದು ತೋಳು ಒಳನುಗ್ಗಿದೆ. ಹೆಸರು ಲಾಖ್ ಲಾಂಗ್. ಉದ್ದವಾಗಿರುವುದರಿಂದ ಇಂಗ್ಲಿಷಿನ ‘ಲಾಂಗ್’ ಎಂದು ಯಾರಾದರೂ ಊಹಿಸುವುದು ಸಹಜ. ಆದರೆ ಗೇಲಿಕ್‌ನಲ್ಲಿ ‘ಲಾಂಗ್’ ಎಂದರೆ ಹಡಗು. ಅದು ಹಡಗುಗಳ ಲಾಖ್. ಅದರ ತಲೆಯಿಂದ ಪೂರ್ವಕ್ಕೆ ಕಿರಿದಾದ ನೆಲದ ಪಟ್ಟಿ ದಾಟಿದರೆ ಲಾಖ್ ಲೋಮಂಡ್. ಅಲ್ಲಿ ದಡದ ಮೇಲಿರುವ ಊರು ಟಾರ್ಬೆಟ್. ಈ ಹೆಸರಿನ ಮೂಲಾರ್ಥ ‘ಹೊತ್ತು ದಾಟಿಸುವುದು’. ಎರಡು ನೀರುಗಳ ನಡುವೆ ದೋಣಿಗಳನ್ನು ನೆಲದ ಮೇಲೆ ಎಳೆದೊಯ್ಯುವ ಜಾಗ. 1263ರಲ್ಲಿ ನಾರ್ವೆಯ ದೊರೆ ಹಾಕಾನ್ ದಂಡೆತ್ತಿ ಬಂದಾಗ ಅವನ ಪಡೆಯ ಒಂದು ಭಾಗ ಲಾಖ್ ಲಾಂಗ್‌ಗೆ ಬಂದು, ಹಡಗುಗಳನ್ನು ಇಲ್ಲಿ ಎಳೆದು ದಾಟಿಸಿ, ಲಾಖ್ ಲೋಮಂಡಿನ ದಡದ ಊರುಗಳನ್ನು ಸುಟ್ಟಿತೆಂದು ನಾರ್ಸ್ ಇತಿಹಾಸ ಕಥನ ಹೇಳುತ್ತದೆ. ಹಡಗುಗಳ ಲಾಖ್, ಹೊತ್ತು ದಾಟಿಸುವ ಊರು. ಆ ಕಥನವನ್ನು ಓದದವನಿಗೂ ಹೆಸರುಗಳೇ ದಾರಿ ತೋರಿಸುತ್ತವೆ.

ನಾರ್ಸ್ ಜನ ದೋಚಿ ಹೋದವರಷ್ಟೇ ಅಲ್ಲ, ನೆಲೆ ನಿಂತವರೂ ಹೌದು. ಅವರ ನುಡಿ ಅಳಿದರೂ ಹೆಸರುಗಳು ಗೇಲಿಕ್‌ನೊಡನೆ ಬೆರೆತವು. ಅಸಿಂಟ್ ಸೀಮೆಯಲ್ಲಿ ಸೂಲ್ವನ್ ಎಂಬ 731 ಮೀಟರಿನ ಬೆಟ್ಟ ಕಂಬದಂತೆ ಒಂಟಿಯಾಗಿ ಎದ್ದಿದೆ. ‘ಸೂಲ’ ಎಂದರೆ ನಾರ್ಸ್ ನುಡಿಯಲ್ಲಿ ಕಂಬ, ‘ವನ್’ ಗೇಲಿಕ್‌ನ ಬೇನ್. ಅರ್ಧ ಅವರದು, ಅರ್ಧ ಇವರದು. ‘ಲಾಖ್ ಲ್ಯಾಕ್ಸ್‌ಫರ್ಡ್’ ಎಂಬಲ್ಲಿ ‘ಲ್ಯಾಕ್ಸ್‌ಫರ್ಡ್’ ಎಂದರೇ ನಾರ್ಸ್‌ನಲ್ಲಿ ಸಾಲ್ಮನ್ ಮೀನಿನ ಸಮುದ್ರತೋಳು. ಅದು ತಿಳಿಯದ ಕಾಲಕ್ಕೆ ಮುಂದೆ ಇನ್ನೊಂದು ‘ಲಾಖ್’ ಸೇರಿಕೊಂಡಿತು. ಅರ್ಥ ಮರೆತಾಗ ಹೆಸರಿಗೆ ಹೀಗೆ ಎರಡು ಅಂಗಿ ತೊಡಿಸುವುದುಂಟು.

ಸರ್ವೆಯವರ ಪುಸ್ತಕ

ಬಾಯಲ್ಲಿದ್ದ ಹೆಸರುಗಳು ಕಾಗದಕ್ಕೆ ಇಳಿದದ್ದು ಹೇಗೆ? ಬ್ರಿಟನ್ನಿನ ಆರ್ಡ್‌ನನ್ಸ್ ಸರ್ವೆ ಇಲಾಖೆ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡನ್ನು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಅಳೆಯಿತು. ಹೈಲ್ಯಾಂಡ್ಸಿನ ಬಹುಭಾಗದ ಸರದಿ ಬಂದದ್ದು 1870ರ ದಶಕದಲ್ಲಿ. ಪ್ರತಿ ಸ್ಥಳಕ್ಕೂ ಅವರು ‘ಹೆಸರು ಪುಸ್ತಕ’ದಲ್ಲಿ ಒಂದು ನಮೂದು ಮಾಡುತ್ತಿದ್ದರು. ಹೆಸರು, ಅದರ ಬೇರೆ ಬೇರೆ ಕಾಗುಣಿತಗಳು, ಆ ಕಾಗುಣಿತಕ್ಕೆ ಸಾಕ್ಷಿ ಯಾರು, ಸ್ಥಳದ ವಿವರಣೆ. ಸಾಕ್ಷಿಗಳ ಕಾಲಮಿನಲ್ಲಿ ಪದೇ ಪದೇ ಬರುವವರು ಜಮೀನುದಾರ, ಅವನ ಪಾರುಪತ್ಯಗಾರ, ಪಾದ್ರಿ, ಶಾಲಾ ಮಾಸ್ತರ. ಸಣ್ಣ ರೈತರನ್ನು, ಗುಡಿಸಲುವಾಸಿಗಳನ್ನು ಕಾಗುಣಿತದ ವಿಷಯದಲ್ಲಿ ನೆಚ್ಚಬಾರದೆಂಬ ಅರ್ಥದ ಸೂಚನೆ ಇಲಾಖೆಯ ನಿಯಮಗಳಲ್ಲಿ ಮುಂದೆ ಬರಹದಲ್ಲೇ ಬಂತು. ದಿನವೂ ಆ ಹೆಸರನ್ನು ಬಾಯಲ್ಲಿಟ್ಟುಕೊಂಡಿದ್ದವನಿಗೆ ಅದನ್ನು ಬರೆಯಲು ಯಾರೂ ಕಲಿಸಿರಲಿಲ್ಲ. 1872ರ ಶಿಕ್ಷಣ ಕಾಯ್ದೆ ಎಲ್ಲ ಮಕ್ಕಳನ್ನೂ ಶಾಲೆಗೆ ಕರೆಯಿತು, ಅದರಲ್ಲಿ ಗೇಲಿಕ್‌ಗೆ ಸ್ಥಾನವಿರಲಿಲ್ಲ.

ಇಲ್ಲಿ ಕರ್ನಾಟಕದ ಒಂದು ಎಳೆಯೂ ಸೇರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಗೇಲಿಕ್ ನಾಡಾದ ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣದಲ್ಲಿ. ಗಡಿ, ಕೆರೆ, ಕೋಟೆ ಅಳೆಯುವುದಷ್ಟೇ ಅವನಿಗೆ ಸಾಲಲಿಲ್ಲ. ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರ ಮೂಲಕ ಶಾಸನ, ಹಸ್ತಪ್ರತಿ, ಊರುಗಳ ಸ್ಥಳವೃತ್ತಾಂತಗಳನ್ನು ರಾಶಿ ರಾಶಿ ಸಂಗ್ರಹಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಅವನ ಹುಟ್ಟೂರಿನ ದ್ವೀಪವನ್ನು ಆರ್ಡ್‌ನನ್ಸ್ ಸರ್ವೆ ಅಳೆದದ್ದು 1848ರಿಂದ 1852ರ ನಡುವೆ. ಒಂದು ಹೆಸರಿನ ಹಿಂದೆ ಒಂದು ವೃತ್ತಾಂತವಿರುತ್ತದೆ, ಅದನ್ನು ಊರವರನ್ನೇ ಕೇಳಬೇಕು ಎಂಬುದನ್ನು ಲೂಯಿಸಿನ ಮಗನೊಬ್ಬ ಮೈಸೂರಿನಲ್ಲಿ ಮಾಡಿ ತೋರಿಸಿದ್ದ.

ಕಾಗುಣಿತದ ತೊಂದರೆಗೆ ಇನ್ನೊಂದು ಕಾರಣ ಗೇಲಿಕ್ ವ್ಯಾಕರಣವೇ. ಅಲ್ಲಿ ಪದದ ಮೊದಲ ವ್ಯಂಜನ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ‘ಮೋರ್’ ಎಂದರೆ ದೊಡ್ಡದು. ಬೇನ್ ಸ್ತ್ರೀಲಿಂಗವಾದ್ದರಿಂದ ಅದರ ಜೊತೆಗೆ ‘ವೋರ್’ ಆಗುತ್ತದೆ. ಸರ್ವೆಯವರ ಭೂಪಟದಲ್ಲಿ ಅದು ಇಂಗ್ಲಿಷ್ ಓದುಗನಿಗೆ ‘ಬೆನ್ ಮೋರ್’, ‘ಇನ್ನೂ ಹೆಚ್ಚು’ ಎಂಬಂತೆ ಕಾಣುತ್ತದೆ. ಹಿಮದ ಕೊರಿ ಎಂಬರ್ಥದ ಹೆಸರಿನಲ್ಲಿ ಬರಹದಲ್ಲಿ ‘ಸ’ ಇದೆ, ‘ನ’ ಇದೆ. ಬಾಯಲ್ಲಿ ಅದು ‘ಕೊರಿ ಅನ್ ತ್ರೆಖ್ಕ’. ಪರ್ವತಾರೋಹಿಗಳು ಬರಹ ನೋಡಿ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ.

ಮರ್ಯಾದೆಯ ಪ್ರಶ್ನೆಯೂ ಇತ್ತು. ಕೇರ್ನ್‌ಗಾರ್ಮ್ಸ್‌ನ ಒಂದು ಶಿಖರ ಇಂಗ್ಲಿಷಿನಲ್ಲಿ ‘ಡೆವಿಲ್ಸ್ ಪಾಯಿಂಟ್’, ದೆವ್ವದ ಮೊನೆ. ಗೇಲಿಕ್ ಹೆಸರು ದೆವ್ವದ ಗುಪ್ತಾಂಗವನ್ನು ಹೇಳುತ್ತದೆ. ವಿಕ್ಟೋರಿಯಾ ರಾಣಿ ಅರ್ಥ ಕೇಳಿದಾಗ ಅವಳ ಸೇವಕ ಜಾನ್ ಬ್ರೌನ್ ನಾಚಿ ಹೀಗೆ ಅನುವಾದಿಸಿದ ಎಂದು ಒಂದು ಕಥೆ ಪ್ರಚಲಿತವಾಗಿದೆ. ಕಥೆ ನಿಜವೋ ಅಲ್ಲವೋ, ಹಳ್ಳಿಗರ ನಗೆಯೊಂದು ಭೂಪಟದಿಂದ ಮಾಯವಾದದ್ದಂತೂ ನಿಜ.

ನಿರ್ಜನವಾದದ್ದು ಹೇಗೆ

ಸರ್ವೆಯವರು ಬರುವ ಹೊತ್ತಿಗೆ ಅನೇಕ ಕಣಿವೆಗಳಲ್ಲಿ ಹೆಸರು ಹೇಳುವವರೇ ಇರಲಿಲ್ಲ. 1746ರ ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡ್ಸಿನ ಕುಲಗಳ ಬಲ ಮುರಿಯಿತು. ಕುಲದ ಮುಖಂಡರು ಬರಬರುತ್ತಾ ಕೇವಲ ಜಮೀನುದಾರರಾದರು. ಒಕ್ಕಲುಗಳು ಕೊಡುವ ಗೇಣಿಗಿಂತ ಕುರಿ ಸಾಕುವವರು ಕೊಡುವ ಹಣ ಹೆಚ್ಚಾಯಿತು. ಆಗ ಆರಂಭವಾದದ್ದೇ ‘ಕ್ಲಿಯರೆನ್ಸ್’, ಅಂದರೆ ಒಕ್ಕಲೆಬ್ಬಿಸುವಿಕೆ. ಸದರ್ಲೆಂಡ್ ಜಿಲ್ಲೆಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ, ಮತ್ತೆ 1819ರಲ್ಲಿ ಊರೂರುಗಳನ್ನೇ ಖಾಲಿ ಮಾಡಿಸಿದರು. ಮನೆಯ ಸೂರಿನ ತೊಲೆಗಳನ್ನು ಸುಟ್ಟರು. 1814ರ ಘಟನೆಗಾಗಿ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್‌ನ ಮೇಲೆ 1816ರಲ್ಲಿ ಮೊಕದ್ದಮೆ ನಡೆಯಿತು, ಅವನು ನಿರ್ದೋಷಿಯೆಂದು ಬಿಡುಗಡೆಯಾದ. ಜನರನ್ನು ಸಮುದ್ರದ ಅಂಚಿನ ತುಂಡು ಭೂಮಿಗಳಿಗೆ ಅಟ್ಟಲಾಯಿತು. ಎಷ್ಟೋ ಜನ ಹಡಗು ಹತ್ತಿದರು.

ಆ ಕಣಿವೆಯ ರೋಸಲ್ ಎಂಬ ಊರು 1814ರಿಂದ 1818ರ ನಡುವೆ ಬರಿದಾಯಿತು. ‘ಕುದುರೆಗಳ ಬಯಲು’ ಎಂಬುದು ಆ ಹೆಸರಿನ ನಾರ್ಸ್ ಮೂಲಾರ್ಥ. ಇಂದು ಅಲ್ಲಿ ಕಾಣುವುದು ಹುಲ್ಲು ಮುಚ್ಚಿದ ಅಡಿಪಾಯಗಳು. ಸುತ್ತಲೂ ‘ಅಖ್’ ಎಂದು ಆರಂಭವಾಗುವ ಹೆಸರುಗಳಿವೆ. ‘ಅಖ್’ ಎಂದರೆ ಉತ್ತ ಹೊಲ. ಉಳುವವನಿಲ್ಲದ ಹೊಲಗಳು ಹೆಸರಿನಲ್ಲಿ ಮಾತ್ರ ಉಳಿದವು.

ಕುರಿಯ ನಂತರ ಜಿಂಕೆ ಬಂತು. ವಿಕ್ಟೋರಿಯಾ ರಾಣಿಯ ಕುಟುಂಬ 1852ರಲ್ಲಿ ಬಾಲ್ಮೋರಲ್ ಎಸ್ಟೇಟನ್ನು ಕೊಂಡಿತು. ಶ್ರೀಮಂತರಿಗೆ ಬೇಟೆಯ ಶೋಕಿ ಹಿಡಿಯಿತು. ಮರವೇ ಇಲ್ಲದ ಲಕ್ಷಾಂತರ ಎಕರೆಗಳಿಗೆ ‘ಜಿಂಕೆ ಕಾಡು’ ಎಂದು ಹೆಸರಾಯಿತು. 1891ರಲ್ಲಿ ಸರ್ ಹ್ಯೂ ಮನ್ರೊ 3,000 ಅಡಿಗಿಂತ ಎತ್ತರದ ಬೆಟ್ಟಗಳ ಪಟ್ಟಿ ಪ್ರಕಟಿಸಿದ. ಇಂದು ಆ ಪಟ್ಟಿಯಲ್ಲಿ 282 ಬೆಟ್ಟಗಳಿವೆ, ಎಲ್ಲವನ್ನೂ ಹತ್ತಿ ಮುಗಿಸುವುದು ಅನೇಕರ ಜೀವಮಾನದ ಗುರಿ. ಅವರೆಲ್ಲ ಆ ನಾಡನ್ನು ಪ್ರೀತಿಸುವವರೇ. ಆದರೆ ಅವರು ಮೆಚ್ಚಿ ಆಡುವ ಮಾತು ಒಂದೇ, ‘ಮನುಷ್ಯ ಮುಟ್ಟದ ಕಾಡು ನೆಲ’. ಆ ನೆಲದ ಹೆಸರುಗಳು ಹೇಳುವುದು ಬೇರೆ. ಕರುಗಳ ಕಣಿವೆ, ಬೇಸಿಗೆ ಬೀಡು, ಉತ್ತ ಹೊಲ. ನಿರ್ಜನವಾಗಿ ಹುಟ್ಟಿದ ನಾಡಲ್ಲ, ಜನರನ್ನು ಹೊರಡಿಸಿ ನಿರ್ಜನ ಮಾಡಿದ ನಾಡು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊರಟವರು ಹೆಸರುಗಳನ್ನು ಕಟ್ಟಿಕೊಂಡೇ ಹೋದರು. ಕೆನಡಾದ ಕ್ಯಾಲ್ಗರಿ ನಗರಕ್ಕೆ 1876ರಲ್ಲಿ ಆ ಹೆಸರು ಬಂದದ್ದು ಮಲ್ ದ್ವೀಪದ ಒಂದು ಪುಟ್ಟ ಕೊಲ್ಲಿಯಿಂದ. ನ್ಯೂಜಿಲೆಂಡಿನ ಡನೀಡಿನ್ ಎಂದರೆ ಎಡಿನ್‌ಬರೋ ನಗರದ ಗೇಲಿಕ್ ಹೆಸರೇ.

ಉಳಿಸಿದವರು

ಹೆಸರಿಡುವ ಶಕ್ತಿ ಒಮ್ಮೆಲೇ ಬತ್ತಲಿಲ್ಲ. ಸ್ಕೈ ದ್ವೀಪದ ಅತ್ಯುನ್ನತ ಶಿಖರ ‘ಸ್ಗೂರ್ ಅಲಸ್ತರ್’ 992 ಮೀಟರ್. 1873ರಲ್ಲಿ ಅದನ್ನು ಮೊದಲು ಹತ್ತಿದ ಅಲೆಕ್ಸಾಂಡರ್ ನಿಕೋಲ್ಸನ್ ಅದೇ ದ್ವೀಪದ ಮಗ, ನ್ಯಾಯಾಧಿಕಾರಿ, ಗೇಲಿಕ್ ಗಾದೆಗಳ ಸಂಗ್ರಾಹಕ. ಅವನ ಹೆಸರಿನ ಗೇಲಿಕ್ ರೂಪವೇ ಅಲಸ್ತರ್. ಸಣ್ಣ ರೈತರ ಕಷ್ಟಗಳನ್ನು ವಿಚಾರಿಸಲು 1883ರಲ್ಲಿ ನೇಮಕವಾದ ಆಯೋಗದಲ್ಲೂ ಅವನಿದ್ದ. ಅದರ ಫಲವಾಗಿ ಬಂದ 1886ರ ಕಾಯ್ದೆ ಉಳಿದ ಒಕ್ಕಲುಗಳಿಗೆ ಭೂಮಿಯ ಮೇಲೆ ಭದ್ರ ಹಕ್ಕು ಕೊಟ್ಟಿತು.

ಹೆಸರುಗಳ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿ ಹಾಕಿದವರು ಗೇಲಿಕ್ ಮನೆಮಾತಿನ ಡಬ್ಲ್ಯು.ಜೆ. ವಾಟ್ಸನ್. ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆ ಕುರಿತ ಅವರ ಗ್ರಂಥ 1926ರಲ್ಲಿ ಬಂತು, ಇಂದಿಗೂ ವಿದ್ವಾಂಸರು ಅದರಿಂದಲೇ ಆರಂಭಿಸುತ್ತಾರೆ. ಡೀ ನದಿಯ ಮೇಲ್ಕಣಿವೆಯಲ್ಲಿ ಆಡಮ್ ವಾಟ್ಸನ್ ಮತ್ತು ಎಲಿಜಬೆತ್ ಆಲನ್ ಎಂಬ ಇಬ್ಬರು ಸ್ಥಳೀಯ ಮುದುಕರ ಮನೆ ಮನೆಗೆ ಹೋಗಿ, ಭೂಪಟದಲ್ಲಿಲ್ಲದ ಹೆಸರುಗಳನ್ನೂ ಅವುಗಳ ಉಚ್ಚಾರಣೆಯನ್ನೂ ಬರೆದುಕೊಂಡರು. ಅವರ ಪುಸ್ತಕ ಪ್ರಕಟವಾದದ್ದು 1984ರಲ್ಲಿ. ಆ ಸೀಮೆಯ ಗೇಲಿಕ್ ಅನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ವೃದ್ಧೆ ಕಣ್ಣುಮುಚ್ಚಿದ್ದೂ ಅದೇ ವರ್ಷ. ಇನ್ನು ಕೆಲವು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ಹೆಸರುಗಳ ವಿಷಯ ಪಂಡಿತರಿಗಷ್ಟೇ ಸೇರಿದ್ದಲ್ಲ ಎಂಬುದು ಲೂಯಿಸ್ ದ್ವೀಪದಲ್ಲಿ ಕಂಡುಬಂತು. 2004ರಲ್ಲಿ ಅಲ್ಲಿನ ಜವುಗು ಮಲೆಯ ಮೇಲೆ 234 ಗಾಳಿಯಂತ್ರಗಳನ್ನು ನಿಲ್ಲಿಸುವ ಯೋಜನೆ ಬಂತು, ಮುಂದೆ ಸಂಖ್ಯೆ 181ಕ್ಕೆ ಇಳಿಯಿತು. ಉದ್ಯೋಗ ಬರುತ್ತದೆ, ಶುದ್ಧ ವಿದ್ಯುತ್ ಸಿಗುತ್ತದೆ ಎಂದವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ಮಲೆಯನ್ನು ಏನೂ ಇಲ್ಲದ ಬಯಲು ಎಂಬಂತೆ ಕಾಣುವುದನ್ನು ಊರವರಲ್ಲಿ ಹಲವರು ಒಪ್ಪಲಿಲ್ಲ. ಅವರು ಉತ್ತರವಾಗಿ ಜವುಗು ನೆಲಕ್ಕೆ ಸಂಬಂಧಿಸಿದ ತಮ್ಮ ನುಡಿಯ ಪದಗಳನ್ನು ಕಲೆಹಾಕಿ ಪಟ್ಟಿ ಮಾಡಿದರು. ಗಾಳಿಯಿರುವ ಬಿಸಿಲುದಿನ ಓಡುವ ಮೋಡಗಳ ನೆರಳು ಮಲೆಯ ಮೇಲೆ ಹಾಯುತ್ತದಲ್ಲ, ಅದಕ್ಕೂ ಅಲ್ಲಿ ಒಂದು ಪ್ರತ್ಯೇಕ ಹೆಸರಿದೆ. ಅಷ್ಟು ಸೂಕ್ಷ್ಮವಾಗಿ ನೋಡಿದ ನೆಲವನ್ನು ಖಾಲಿ ಎನ್ನುವುದು ಹೇಗೆ? 2008ರಲ್ಲಿ ಸರ್ಕಾರ ಯೋಜನೆಯನ್ನು ತಿರಸ್ಕರಿಸಿತು. ಅದಕ್ಕೆ ಕೊಟ್ಟ ಕಾರಣ ಪಕ್ಷಿಗಳ ರಕ್ಷಣೆಯ ಯುರೋಪಿಯನ್ ಕಾನೂನು, ಪದಪಟ್ಟಿಯಲ್ಲ. ಆದರೂ ವಾದದ ರೀತಿಯನ್ನು ಆ ಪಟ್ಟಿ ಬದಲಿಸಿತ್ತು.

1891ರ ಜನಗಣತಿಯಲ್ಲಿ ಸುಮಾರು 2 ಲಕ್ಷ 54 ಸಾವಿರ ಗೇಲಿಕ್ ಭಾಷಿಕರಿದ್ದರು. 2011ರಲ್ಲಿ ಅದು 57 ಸಾವಿರದ ಹತ್ತಿರಕ್ಕೆ ಇಳಿದು, 2022ರಲ್ಲಿ ಸುಮಾರು 69,700ಕ್ಕೆ ಏರಿತು. ಗೇಲಿಕ್ ಮಾಧ್ಯಮದ ಶಾಲೆಗಳಿಂದ ನಗರಗಳಲ್ಲಿ ಹೊಸ ಭಾಷಿಕರು ಬಂದಿದ್ದಾರೆ. ಆದರೆ ಭಾಷೆಯ ಕೊನೆಯ ಕೋಟೆಯಾದ ಪಶ್ಚಿಮ ದ್ವೀಪಗಳಲ್ಲಿ ಗೇಲಿಕ್ ಆಡಬಲ್ಲವರ ಪ್ರಮಾಣ ಅದೇ ಅವಧಿಯಲ್ಲಿ ಶೇ. 52ರಿಂದ ಶೇ. 45ಕ್ಕೆ ಕುಸಿಯಿತು. 2005ರಲ್ಲಿ ಒಂದು ಗೇಲಿಕ್ ಕಾಯ್ದೆ ಬಂತು. 2025ರ ಕಾಯ್ದೆ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿತು. ರೈಲು ನಿಲ್ದಾಣಗಳಲ್ಲಿ, ಹೆದ್ದಾರಿಗಳಲ್ಲಿ ಎರಡು ಭಾಷೆಯ ಫಲಕಗಳಿವೆ. ಅವು ದುಂದು ಎಂದು ಗೊಣಗುವವರೂ ಇದ್ದಾರೆ.

ಈ ನಡುವೆ ಇನ್ನೊಂದು ಬೆಳವಣಿಗೆ. 1993ರಲ್ಲಿ ಸೂಲ್ವನ್ ಬೆಟ್ಟದ ಸೀಮೆಯಾದ ಅಸಿಂಟ್‌ನ ಸಣ್ಣ ರೈತರು ಚಂದಾ ಎತ್ತಿ, ತಾವು ಗೇಣಿ ಮಾಡುತ್ತಿದ್ದ ಎಸ್ಟೇಟನ್ನು ತಾವೇ ಕೊಂಡುಕೊಂಡರು. ಹತ್ತು ವರ್ಷಗಳ ನಂತರ, 2003ರಲ್ಲಿ, ಊರಿನ ಸಮುದಾಯಗಳು ಹೀಗೆ ಭೂಮಿ ಕೊಳ್ಳಲು ಕಾನೂನೇ ದಾರಿ ಮಾಡಿಕೊಟ್ಟಿತು. ಕೊಂಡ ಭೂಮಿಯಲ್ಲಿ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಮರ ನೆಡಬೇಕು, ಎಲ್ಲಿ ದನ ಬಿಡಬೇಕು ಎಂಬ ಪ್ರಶ್ನೆ ಎದ್ದಾಗ ಹಳೆಯ ಹೆಸರುಗಳಿಗೆ ಮತ್ತೆ ಕೆಲಸವಿದೆ. ‘ಅಖ್’ ಎಂದಿರುವಲ್ಲಿ ಹಿಂದೆ ಬೆಳೆ ಬಂದಿತ್ತು. ‘ಆರಿ’ ಎಂದಿರುವಲ್ಲಿ ಒಳ್ಳೆಯ ಹುಲ್ಲಿತ್ತು. ಬರ್ಚ್ ಮರದ ಹಳ್ಳದಲ್ಲಿ ಬರ್ಚ್ ಬೆಳೆದೀತು. ಇದನ್ನು ಓದಬಲ್ಲ ಒಬ್ಬರಾದರೂ ಪ್ರತಿ ಊರಿನಲ್ಲಿ ಇರಬೇಕು, ಅಷ್ಟೇ.